ಜೀನ್ಸ್ ವಾಷಿಂಗ್‌ನಲ್ಲಿ ಎಂಜೈಮ್ ದಾರಿ, ಕೆಮಿಕಲ್ ದಾರಿ: ಪರಿಸರದ ಲೆಕ್ಕ ಹಾಕುವುದು ಹೇಗೆ?

ಹೊಸ ಜೀನ್ಸ್ ಪ್ಯಾಂಟುಗಳಿಗೆ ಮಾಸಿದ ನೋಟ ಕೊಡುವ ಬಳ್ಳಾರಿಯ ವಾಷಿಂಗ್ ಯೂನಿಟ್‌ಗಳಿಂದ, ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಂದ ನನಗೆ ಬರುವ ಹೋಲಿಕೆಯ ಹಾಳೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತೊಳೆದು ಹೊರಬಿಡುವ ನೀರನ್ನು ಎರಡು ಬಾಟಲಿಯಲ್ಲಿ ಹಿಡಿದಿರುತ್ತಾರೆ. ಒಂದರ ಮೇಲೆ ‘ಎಂಜೈಮ್’, ಇನ್ನೊಂದರ ಮೇಲೆ ‘ಕೆಮಿಕಲ್’. ಲ್ಯಾಬ್‌ಗೆ ಕೊಟ್ಟು, ಬಂದ ಅಂಕಿಗಳನ್ನು ಅಕ್ಕಪಕ್ಕ ಬರೆದು, ಕಡಿಮೆ ಇದ್ದದ್ದನ್ನು ಗೆಲ್ಲಿಸಿರುತ್ತಾರೆ. ಕೆಲವರ ಹಾಳೆಯಲ್ಲಿ ಎಂಜೈಮ್ ಗೆದ್ದಿರುತ್ತದೆ, ಕೆಲವರದ್ದರಲ್ಲಿ ಸೋತಿರುತ್ತದೆ. ಎರಡನ್ನೂ ನಂಬಲಾಗದು.

ತಪ್ಪು ಲ್ಯಾಬಿನದಲ್ಲ, ಕ್ರಮದ್ದು. ಬಾಟಲಿ ಹಿಡಿಯುವುದು ಏಳನೇ ಹಂತದ ಕೆಲಸ. ಅದನ್ನೇ ಮೊದಲು ಮಾಡಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಈ ಥರದ ಲೆಕ್ಕಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಮಾನದಂಡಗಳಿವೆ, ಈಗಿನ ರೂಪ 2006ರದ್ದು. ಅವು ಹೇಳುವ ಕ್ರಮವೂ ಇದೇ: ಮೊದಲು ಗುರಿ, ಆಮೇಲೆ ಅಳತೆ, ಆಮೇಲೆ ಪರಿಣಾಮ, ಕೊನೆಗೆ ತೀರ್ಮಾನ. ಅದನ್ನೇ ನಮ್ಮ ಯೂನಿಟ್‌ಗೆ ಒಗ್ಗುವಂತೆ ಕೆಳಗೆ ಬಿಡಿಸಿದ್ದೇನೆ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ದುಬಾರಿ ಸಾಮಾನು ಏನೂ ಬೇಡ. ನೀರಿನ ಪೈಪಿಗೆ ಒಂದು ಮೀಟರ್. 150 ಕೆಜಿ ತೂಗುವ ಒಂದು ತಕ್ಕಡಿ, ಗ್ರಾಂ ತೂಗುವ ಇನ್ನೊಂದು. 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್. ಪಿಎಚ್ ಮೀಟರ್, ಇಲ್ಲದಿದ್ದರೆ ಪಿಎಚ್ ಪಟ್ಟಿ. ಮೋಟಾರ್ ಎಳೆಯುವ ಕರೆಂಟು ನೋಡಲು ಕ್ಲ್ಯಾಂಪ್ ಮೀಟರ್. ಗಡಿಯಾರ, ಒಂದು ದಪ್ಪ ನೋಟ್‌ಬುಕ್, ಐಸ್ ತುಂಬಿದ ಥರ್ಮೊಕೋಲ್ ಡಬ್ಬಿ.

ಜೊತೆಗೆ ವಾಷಿಂಗ್ ಮಾಸ್ಟರ್ ಒಪ್ಪಿಗೆ ಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಡ್ರಮ್ಮಿನಿಂದ ಮಗ್ಗಿನಲ್ಲಿ ಮೊಗೆದು ಸುರಿಯುವ ಕೈ ಅವರದು. ಅವರು ಪ್ರತಿ ಮಗ್ಗನ್ನೂ ತೂಗಲು ಒಪ್ಪದಿದ್ದರೆ ನಿಮ್ಮ ಹಾಳೆಯಲ್ಲಿ ಇರುವುದೆಲ್ಲ ಅಂದಾಜೇ.

ಹಂತ 1: ಯಾವುದರ ಬದಲಿಗೆ ಯಾವುದು ಅಂತ ಬರೆಯಿರಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ‘ಎಂಜೈಮ್ ವಾಷ್’ ಮತ್ತು ‘ಬ್ಲೀಚ್ ವಾಷ್’ ಅಂತ ಎರಡು ಕಾಲಂ ಹಾಕಿಬಿಡುತ್ತಾರೆ. ಅವು ಒಂದರ ಬದಲಿಗೆ ಇನ್ನೊಂದು ಅಲ್ಲವೇ ಅಲ್ಲ. ಸೆಲ್ಯುಲೇಸ್ ಎಂಜೈಮ್ ಮಾಡುವುದು, ಮೆಷಿನ್ನಿಗೆ ಹಾಕಿ ಬಟ್ಟೆ ಉಜ್ಜಿಸುವ ಕಲ್ಲಿನ ಕೆಲಸ. ನೂಲಿನ ಮೇಲ್ಮೈಯನ್ನು ಸಣ್ಣಗೆ ಕಡಿದು, ಅಲ್ಲಿ ಕೂತಿರುವ ಇಂಡಿಗೊ ಬಣ್ಣ ಉದುರುವ ಹಾಗೆ ಮಾಡುತ್ತದೆ. ಬ್ಲೀಚ್ ಮಾಡುವುದು ಬಣ್ಣವನ್ನೇ ಒಡೆಯುವ ಕೆಲಸ. ಕುಡುಗೋಲಿಗೂ ಗುದ್ದಲಿಗೂ ಪಂದ್ಯ ಕಟ್ಟಿದ ಹಾಗಾಯಿತು, ಅಲ್ವಾ?

ಸರಿಯಾದ ಜೋಡಿಗಳು ನಾಲ್ಕು.

ನೇಯುವ ಮೊದಲು ನೂಲಿಗೆ ಹಾಕಿದ ಗಂಜಿ ತೆಗೆಯುವುದು: ಒಂದು ಕಡೆ ಅಮೈಲೇಸ್ ಎಂಜೈಮ್. ಇನ್ನೊಂದು ಕಡೆ ಪರ್‌ಸಲ್ಫೇಟ್‌ನಂಥ ಆಕ್ಸಿಡೈಸರ್, ಇಲ್ಲವೇ ಬಿಸಿ ಕಾಸ್ಟಿಕ್.

ಉಜ್ಜಿದ ನೋಟ ತರುವುದು: ಒಂದು ಕಡೆ ಸೆಲ್ಯುಲೇಸ್, ಇನ್ನೊಂದು ಕಡೆ ಪ್ಯೂಮಿಸ್ ಕಲ್ಲು.

ಬಣ್ಣ ಇಳಿಸುವುದು: ಒಂದು ಕಡೆ ಲ್ಯಾಕೇಸ್, ಇನ್ನೊಂದು ಕಡೆ ಸೋಡಿಯಂ ಹೈಪೊಕ್ಲೋರೈಟ್ ಬ್ಲೀಚ್. ಲ್ಯಾಕೇಸ್ ಒಂದೇ ಸಾಲದು, ಅದರ ಜೊತೆ ಮೀಡಿಯೇಟರ್ ಎನ್ನುವ ಸಹಾಯಕ ರಾಸಾಯನಿಕವೂ ಬೇಕು. ಅದನ್ನು ಲೆಕ್ಕದಿಂದ ಬಿಡಬೇಡಿ. ಬ್ಲೀಚ್‌ನಷ್ಟು ತಿಳಿ ಬಣ್ಣ ಅದರಿಂದ ಬರುವುದೂ ಕಷ್ಟ.

ಪೆರಾಕ್ಸೈಡ್ ಹಾಕಿದ ಮೇಲಿನ ಶುದ್ಧಿ: ಒಂದು ಕಡೆ ಕ್ಯಾಟಲೇಸ್, ಇನ್ನೊಂದು ಕಡೆ ಎರಡು ಮೂರು ಸಲ ಜಾಲಾಡುವ ನೀರು ಅಥವಾ ಮೆಟಾಬೈಸಲ್ಫೈಟ್. ಕ್ಯಾಟಲೇಸ್ ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಹಾಗಾಗಿ ಉಳಿತಾಯ ಕಾಣುವುದು ನೀರಿನಲ್ಲಿ.

ಈ ನಾಲ್ಕರಲ್ಲಿ ನಿಮ್ಮ ಯೂನಿಟ್‌ನಲ್ಲಿ ನಿಜವಾಗಿ ಬದಲಾಗುವ ಜೋಡಿ ಯಾವುದೋ ಅದನ್ನು ಮಾತ್ರ ಆರಿಸಿ. ಮೊದಲ ಸಲ ಮಾಡುವವರು ಒಂದೇ ಜೋಡಿ ಹಿಡಿಯಿರಿ. ತೊಡೆಯ ಮೇಲೆ ಹೊಡೆಯುವ ಪಿಪಿ ಸ್ಪ್ರೇ, ಅಂದರೆ ಮ್ಯಾಂಗನೀಸ್ ಲೋಹ ಇರುವ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಎರಡೂ ದಾರಿಯಲ್ಲಿ ಹಾಗೇ ಉಳಿಯುತ್ತದೆ ಅಂತಾದರೆ ಎರಡೂ ಕಾಲಂನಲ್ಲಿ ಸಮನಾಗಿ ಬರೆಯಿರಿ. ಪಿಪಿ ಇದ್ದದ್ದು ಒಂದರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ ಇಟ್ಟು ‘ಎಂಜೈಮ್‌ನಿಂದ ಮ್ಯಾಂಗನೀಸ್ ಇಳಿಯಿತು’ ಎಂದು ಬರೆದ ಹಾಳೆಯನ್ನೂ ನೋಡಿದ್ದೇನೆ.

ಹಂತ 2: ಎರಡೂ ಕಡೆ ಅದೇ ಪ್ಯಾಂಟು ಹೊರಬರಬೇಕು

ಹೋಲಿಕೆಯ ಅಳತೆಗೋಲು ‘ಒಂದು ಬ್ಯಾಚ್’ ಅಲ್ಲ. ‘ಒಂದು ಕೆಜಿ ಎಂಜೈಮ್, ಒಂದು ಕೆಜಿ ಬ್ಲೀಚ್’ ಅಂತೂ ಮೊದಲೇ ಅಲ್ಲ. ನಾನು ಹಿಡಿಯುವುದು ಇದನ್ನು: ಒಪ್ಪಿದ ಶೇಡ್‌ಗೆ ಬಂದು, ಚೆಕಿಂಗ್‌ನಲ್ಲಿ ಪಾಸಾದ 100 ಪ್ಯಾಂಟು.

‘ಪಾಸಾದ’ ಎಂಬ ಪದಕ್ಕೆ ತೂಕ ಇದೆ. ಶೇಡ್ ಬರಲಿಲ್ಲ ಅಂತ 15 ಪ್ಯಾಂಟನ್ನು ಮತ್ತೆ ಮೆಷಿನ್‌ಗೆ ಹಾಕಿದರೆ ಆ ನೀರು, ಆ ಬಿಸಿ ಎಲ್ಲ ಅದೇ ಲಾಟ್‌ನ ಖಾತೆಗೆ ಸೇರಬೇಕು. ಹೊಸದಾಗಿ ಎಂಜೈಮ್ ಹಿಡಿದ ಯೂನಿಟ್‌ಗಳಲ್ಲಿ ಮೊದಲ ಕೆಲವು ಲಾಟ್ ಕೆಡುವುದು ಸಾಮಾನ್ಯ. ಕೈ ಕುದುರಿದ ಮೇಲೆ ಅಳೆಯಿರಿ. ಒಂದೇ ಲಾಟ್ ನೋಡಿ ನಿಲ್ಲಬೇಡಿ, ದಾರಿಗೆ ಮೂರಾದರೂ ಬೇಕು.

ಬಟ್ಟೆ ಒಂದೇ ಥಾನಿನದಾಗಿರಲಿ. ದಪ್ಪ ಡೆನಿಮ್‌ನಲ್ಲಿ ಗಂಜಿ ಜಾಸ್ತಿ, ತೆಳ್ಳಗಿದ್ದರೆ ಕಡಿಮೆ. ಆ ವ್ಯತ್ಯಾಸವೇ ನಿಮ್ಮ ಎಂಜೈಮ್ ವ್ಯತ್ಯಾಸಕ್ಕಿಂತ ದೊಡ್ಡದಾಗಿಬಿಡಬಹುದು.

ಗಂಜಿ ತೆಗೆಯುವ ಹಂತವನ್ನು ಹೋಲಿಸುತ್ತಿದ್ದರೆ ಎರಡೂ ಕಡೆ ಗಂಜಿ ಸಮನಾಗಿ ಹೋಗಿದೆಯೇ ನೋಡಬೇಕು. ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಅನ್ನು ನೀರಿನಲ್ಲಿ ತೆಳು ಮಾಡಿ, ತಣ್ಣಗಾದ ಬಟ್ಟೆಯ ಒಳಮೈ ಮೇಲೆ ಒಂದು ಹನಿ ಬಿಡಿ. ಗಂಜಿ ಉಳಿದಿದ್ದರೆ ಕಡು ನೀಲಿಗೆ, ಕಪ್ಪಿಗೆ ತಿರುಗುತ್ತದೆ. ಇಂಡಿಗೊ ನೀಲಿಯ ನಡುವೆ ಇದು ಕಾಣುವುದು ಸ್ವಲ್ಪ ಕಷ್ಟ. ಅದಕ್ಕೇ ತೊಳೆಯದ ಒಂದು ತುಂಡನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಹಂತ 3: ಗೆರೆ ಎಳೆಯಿರಿ

ಲೆಕ್ಕ ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ? ಹೊಲದ ಹತ್ತಿಯಿಂದ ಶುರು ಮಾಡುವ ಅಗತ್ಯವಿಲ್ಲ. ರಾಯಚೂರಿನ ಹತ್ತಿಯೋ ಗುಜರಾತಿನದೋ, ಎರಡೂ ಕಾಲಂನಲ್ಲಿ ಬಟ್ಟೆ ಒಂದೇ. ಸಮನಾದದ್ದನ್ನು ಬಿಡಬಹುದು, ಬಿಟ್ಟಿದ್ದೇವೆ ಎಂದು ಬರೆದಿಟ್ಟರೆ ಸಾಕು.

ಬಿಡಲೇಬಾರದ್ದು ನಾಲ್ಕು: ಎಂಜೈಮ್, ಬ್ಲೀಚ್ ಮತ್ತು ಕಲ್ಲು ತಯಾರಾಗಿ ಇಲ್ಲಿಗೆ ಬರುವವರೆಗಿನ ಹೊರೆ, ಯೂನಿಟ್ ಒಳಗಿನ ಎಲ್ಲಾ ನೀರು ಮತ್ತು ಶಾಖ, ಹೊರಹೋಗುವ ನೀರು, ತಳದಲ್ಲಿ ಕೂರುವ ಕೆಸರು.

ಎಂಜೈಮ್ ಮರದಲ್ಲಿ ಬಿಡುವ ಹಣ್ಣಲ್ಲ. ಟ್ರೈಕೊಡರ್ಮಾದಂಥ ಶಿಲೀಂಧ್ರವನ್ನೋ ಬ್ಯಾಸಿಲಸ್ ಬ್ಯಾಕ್ಟೀರಿಯಾವನ್ನೋ ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆ, ಪಿಷ್ಟ ಕೊಟ್ಟು ಬೆಳೆಸುತ್ತಾರೆ. ಗಾಳಿ ಊದುವುದಕ್ಕೆ, ಕಲಕುವುದಕ್ಕೆ ಕರೆಂಟು ಸುರಿಯುತ್ತದೆ. ಆ ಹೊರೆ ಸೊನ್ನೆ ಅಲ್ಲ.

ಹಂತ 4: ನೀರನ್ನು ತೊಟ್ಟಿ ತೊಟ್ಟಿಯಾಗಿ ಅಳೆಯಿರಿ

ಒಂದೊಂದು ಸಲ ಮೆಷಿನ್ ತುಂಬಿಸುವುದನ್ನು ‘ಬಾತ್’ ಅನ್ನುತ್ತೇವೆ. ಪ್ರತಿ ಬಾತ್‌ಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಮೀಟರ್ ಮೊದಲು, ಮೀಟರ್ ಆಮೇಲೆ, ಬಿಸಿ ಎಷ್ಟು, ಎಷ್ಟು ನಿಮಿಷ, ಏನು ಹಾಕಿದಿರಿ. ಜಾಲಾಡುವ ನೀರಿಗೂ ಒಂದು ಸಾಲು. ಎಲ್ಲರೂ ಮರೆಯುವುದು ಅದನ್ನೇ, ನೀರಿನ ದೊಡ್ಡ ಪಾಲು ಹೋಗುವುದೂ ಅದರಲ್ಲೇ.

ಮೆಷಿನ್ ಕ್ಯಾಟಲಾಗಿನಲ್ಲಿ ‘ಒಂದಕ್ಕೆ ಎಂಟು’ ಎಂದು ಬರೆದಿರುತ್ತದೆ. ಅಂದರೆ 60 ಕೆಜಿ ಬಟ್ಟೆಗೆ 480 ಲೀಟರ್. ಆ ಅಂಕಿಯನ್ನು ಸುಮ್ನೆ ನಕಲು ಮಾಡಬೇಡಿ. ಹಳೆಯ ಮೆಷಿನ್‌ನಲ್ಲಿ ಕೆಲಸದವರು ಕಣ್ಣಳತೆಗೆ ತುಂಬಿಸುತ್ತಾರೆ, ಬಾಗಿಲ ಸಂದಿಯಲ್ಲಿ ಸೋರಿಕೆಯೂ ಇರುತ್ತದೆ.

ನೀರು ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ. ಬೋರ್‌ವೆಲ್ಲೋ, ಟ್ಯಾಂಕರೋ? ಟ್ಯಾಂಕರ್ ಆದರೆ ಅದರ ಡೀಸೆಲ್ಲೂ ನಿಮ್ಮದೇ. ಆರ್‌ಒ ಹಾಕಿದ್ದರೆ ಅದು ಹೊರಗೆಸೆಯುವ ಉಪ್ಪುನೀರೂ ನಿಮ್ಮದೇ.

ಎಚ್ಚರಿಕೆಯ ಗುರುತು: ಎರಡೂ ಕಾಲಂನಲ್ಲಿ ನೀರಿನ ಅಂಕಿ ಸರಿಸಮ ಬಂದರೆ, ಅಥವಾ 500, 500, 500 ಎಂದು ದುಂಡಗೆ ಇದ್ದರೆ, ಯಾರೋ ಮೀಟರ್ ನೋಡದೆ ಬರೆದಿದ್ದಾರೆ.

ಹಂತ 5: ಬೆಂಕಿ ಮತ್ತು ಕರೆಂಟು

ಎಂಜೈಮ್ ಬಗ್ಗೆ ಇರುವ ದೊಡ್ಡ ಭ್ರಮೆ ಇಲ್ಲಿ ಒಡೆಯುತ್ತದೆ. ‘ಎಂಜೈಮ್ ಕಡಿಮೆ ಶಾಖದಲ್ಲಿ ಕೆಲಸ ಮಾಡುತ್ತದೆ, ಅದಕ್ಕೇ ಸೌದೆ ಉಳಿತಾಯ’ ಎನ್ನುತ್ತಾರೆ. ಕುದಿಯುವ ಕಾಸ್ಟಿಕ್ ಜೊತೆ ಹೋಲಿಸಿದರೆ ನಿಜ. ಕಲ್ಲಿನ ಜೊತೆ ಹೋಲಿಸಿದರೆ ಸುಳ್ಳು. ಕಲ್ಲಿಗೆ ಬಿಸಿನೀರೇ ಬೇಡ. ಸೆಲ್ಯುಲೇಸ್‌ಗೆ ಸುಮಾರು 50–55 ಡಿಗ್ರಿ ಬೇಕು, ಅದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಲೆಕ್ಕ ಮಾಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್ ಬೇಕು. 500 ಲೀಟರನ್ನು 30ರಿಂದ 55 ಡಿಗ್ರಿಗೆ ಏರಿಸಿದರೆ 500 × 25 × 4.186, ಅಂದರೆ ಸುಮಾರು 52 ಮೆಗಾಜೂಲ್. ಒಣಗಿದ ಸೌದೆಯ ಕೆಜಿಯಲ್ಲಿ ಸುಮಾರು 15 ಮೆಗಾಜೂಲ್ ಇದೆ ಅಂತಿಟ್ಟುಕೊಳ್ಳಿ. ಬಾಯ್ಲರ್ ಮತ್ತು ಪೈಪು ಸೇರಿ ಅದರಲ್ಲಿ ನೂರಕ್ಕೆ 60 ಮಾತ್ರ ನೀರಿಗೆ ಮುಟ್ಟಿಸುತ್ತವೆ ಎಂದರೆ ಕೆಜಿಗೆ 9 ಮೆಗಾಜೂಲ್. ಆಯಿತು, 6 ಕೆಜಿಗೆ ಸ್ವಲ್ಪ ಕಡಿಮೆ ಸೌದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೆಲಸ ಮುಗಿದ ಮೇಲೆ ಸೆಲ್ಯುಲೇಸ್ ಅನ್ನು ಕೊಲ್ಲಬೇಕು. ಇಲ್ಲದಿದ್ದರೆ ಅದು ಬಟ್ಟೆಯನ್ನು ತಿನ್ನುತ್ತಲೇ ಇರುತ್ತದೆ, ಪ್ಯಾಂಟಿನ ಬಲ ಹೋಗುತ್ತದೆ. ಕೊಲ್ಲುವ ಒಂದು ದಾರಿ ನೀರನ್ನು 80 ಡಿಗ್ರಿಗೆ ಏರಿಸಿ ಹತ್ತು ನಿಮಿಷ ಬಿಡುವುದು. 55ರಿಂದ 80ಕ್ಕೆ ಮತ್ತೆ 25 ಡಿಗ್ರಿ, ಮತ್ತೆ 52 ಮೆಗಾಜೂಲ್. ಅಂದರೆ ದುಡಿಸಲು ಎಷ್ಟು ಸೌದೆಯೋ ಕೊಲ್ಲಲೂ ಅಷ್ಟೇ ಸೌದೆ! ಇನ್ನೊಂದು ದಾರಿ ಸೋಡಾ ಆ್ಯಶ್ ಹಾಕಿ ಪಿಎಚ್ ಅನ್ನು 9.5–10ಕ್ಕೆ ಏರಿಸುವುದು. ಸೌದೆ ಉಳಿಯುತ್ತದೆ, ನೀರಿಗೆ ಉಪ್ಪು ಸೇರುತ್ತದೆ. ನಿಮ್ಮ ಮಾಸ್ಟರ್ ಯಾವುದನ್ನು ಮಾಡುತ್ತಾರೆ ಎಂದು ಕೇಳಿ. ‘ಸುಮ್ನೆ ತಣ್ಣೀರಲ್ಲಿ ಜಾಲಿಸ್ತೀವಿ ಸಾರ್’ ಎಂದರೆ ಹೋಲಿಕೆ ಆಮೇಲೆ, ಮೊದಲು ಪ್ಯಾಂಟು ಹರಿದು ವಾಪಸ್ ಬರುವ ಬಗ್ಗೆ ಯೋಚಿಸಿ.

ಬಾಯ್ಲರ್‌ಗೆ ಏನು ಹಾಕುತ್ತೀರಿ ಅನ್ನುವುದು ಉತ್ತರವನ್ನೇ ಬದಲಿಸುತ್ತದೆ. ನಮ್ಮ ಕಡೆ ಬಳ್ಳಾರಿ ಜಾಲಿ ಸೌದೆ ಉಂಟು, ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳ ಭತ್ತದ ಹೊಟ್ಟೂ ಉಂಟು. ಇವು ಬಿಡುವ ಇಂಗಾಲವನ್ನು ಬೇರೆ ಕಾಲಂನಲ್ಲಿ ಬರೆಯುವುದು ಪದ್ಧತಿ, ಏಕೆಂದರೆ ಆ ಗಿಡ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದೇ ಅದು. ಹೊಗೆ ಮತ್ತು ಬೂದಿಗೆ ಮಾತ್ರ ಅಂಥ ವಿನಾಯಿತಿ ಇಲ್ಲ. ಕಲ್ಲಿದ್ದಲು ಆದರೆ ಪ್ರತಿ 1,000 ಮೆಗಾಜೂಲ್‌ಗೆ ಸುಮಾರು 95 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿಯಿರಿ. ಹಸಿ ಸೌದೆ ಉರಿಸುವವರು 15 ಎಂಬ ಅಂಕಿಯನ್ನು ಇಳಿಸಬೇಕು. ಒಂದು ದಿನದ ಸೌದೆಯನ್ನು ತೂಗಿ, ಆ ದಿನ ಕಾಯಿಸಿದ ನೀರಿಗೆ ಭಾಗಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಕರೆಂಟಿಗೆ ಕ್ಲ್ಯಾಂಪ್ ಮೀಟರ್ ಸಾಕು. ಮೂರು ಫೇಸ್ ಮೋಟಾರ್ 415 ವೋಲ್ಟ್‌ನಲ್ಲಿ 8 ಆಂಪಿಯರ್ ಎಳೆಯುತ್ತಿದ್ದರೆ, ಪವರ್ ಫ್ಯಾಕ್ಟರ್ 0.8 ಎಂದಾದರೆ, 1.732 × 415 × 8 × 0.8, ಅಂದರೆ ಸುಮಾರು 4.6 ಕಿಲೋವ್ಯಾಟ್. ಒಂದು ಗಂಟೆ ಓಡಿದರೆ 4.6 ಯೂನಿಟ್. ದೇಶದ ಗ್ರಿಡ್‌ಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕ ಇದೆ. ಶಕ್ತಿನಗರ, ಕುಡತಿನಿ, ಯರಮರಸಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಚಿಮಣಿಗಳು ನಮಗೆ ಹತ್ತಿರ ಎಂದು ಅಂಕಿಯನ್ನು ಏರಿಸಬೇಡಿ. ಜೆಸ್ಕಾಂ ಕೊಡುವ ಕರೆಂಟು ಗ್ರಿಡ್‌ನದು, ಯಾವ ಚಿಮಣಿಯದೆಂದು ಗುರುತಿಸಲಾಗದು. ಕರೆಂಟು ಹೋದಾಗ ಜನರೇಟರ್ ಓಡಿಸಿದರೆ ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ.

ಇನ್ನೊಂದು ಮಾತು. ಎರಡೂ ಪ್ರಯೋಗವನ್ನು ಒಂದೇ ವಾರದಲ್ಲಿ ಮಾಡಿ. ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ, ಡಿಸೆಂಬರಿನಲ್ಲಿ ತಣ್ಣಗಿರುತ್ತದೆ. ಒಂದನ್ನು ಬೇಸಿಗೆಯಲ್ಲಿ, ಇನ್ನೊಂದನ್ನು ಚಳಿಗಾಲದಲ್ಲಿ ಅಳೆದರೆ ನೀವು ಹೋಲಿಸಿದ್ದು ಬಳ್ಳಾರಿ ಬಿಸಿಲನ್ನು.

ಹಂತ 6: ಡ್ರಮ್ಮು, ಚೀಲ, ಕಲ್ಲು

ಹಾಕಿದ್ದನ್ನೆಲ್ಲ ತೂಗಿ ಬರೆಯಿರಿ. ಎಂಜೈಮ್ ಪ್ರಮಾಣ ಸಣ್ಣದು, ಸಾಮಾನ್ಯವಾಗಿ ಲೀಟರಿಗೆ ಅರ್ಧ ಗ್ರಾಂನಿಂದ 2 ಗ್ರಾಂ. ಅದರ ಹಿಂದೆ ಬರುವ ಸಂಗಾತಿಗಳನ್ನು ಮರೆಯಬೇಡಿ. ಆ್ಯಸಿಡ್ ಸೆಲ್ಯುಲೇಸ್‌ಗೆ ಪಿಎಚ್ 4.5–5.5 ಬೇಕು, ಅದಕ್ಕೆ ಅಸಿಟಿಕ್ ಆ್ಯಸಿಡ್ ಸುರಿಯುತ್ತಾರೆ. ಒಂದು ಕೆಜಿ ಅಸಿಟಿಕ್ ಆ್ಯಸಿಡ್ ಚರಂಡಿಗೆ ಹೋದರೆ ಸುಮಾರು 1.07 ಕೆಜಿ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಕ್ಸಿಜನ್) ಸೇರಿದಂತೆ. ನ್ಯೂಟ್ರಲ್ ಸೆಲ್ಯುಲೇಸ್ ಪಿಎಚ್ 6–7ರಲ್ಲಿ ಕೆಲಸ ಮಾಡುವುದರಿಂದ ಆ್ಯಸಿಡ್ ಕಡಿಮೆ ಸಾಕು, ಉದುರಿದ ನೀಲಿ ಮತ್ತೆ ಬಿಳಿ ನೂಲಿಗೆ ಹತ್ತುವುದೂ ಕಡಿಮೆ. ಆದರೆ ಸಮಯ ಜಾಸ್ತಿ ಹಿಡಿಯುತ್ತದೆ. ನೀಲಿ ಹತ್ತದಂತೆ ಹಾಕುವ ಡಿಸ್ಪರ್ಸಿಂಗ್ ಸೋಪಿಗೂ ಒಂದು ಸಾಲು ಬೇಕು.

ಕೆಮಿಕಲ್ ಕಡೆಯಲ್ಲೂ ಹಾಗೇ. ಬ್ಲೀಚ್ ಒಂದೇ ಬರೆದು ನಿಲ್ಲಿಸಬೇಡಿ, ಅದನ್ನು ಶಮನ ಮಾಡಲು ಹಾಕುವ ಹೈಪೊ (ಸೋಡಿಯಂ ಥಯೋಸಲ್ಫೇಟ್) ಅಥವಾ ಮೆಟಾಬೈಸಲ್ಫೈಟ್, ಆಮೇಲಿನ ಜಾಲಾಟ ಎಲ್ಲ ಸೇರಬೇಕು. ಬಿಸಿಲಲ್ಲಿ ಇಟ್ಟ ಬ್ಲೀಚ್ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಮಾಸ್ಟರ್ ಜಾಸ್ತಿ ಸುರಿಯುತ್ತಾರೆ. ಎಂಜೈಮ್ ಡ್ರಮ್ಮಿಗೂ ಅದೇ ಗತಿ. ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಶೆಡ್ಡಿನಲ್ಲಿಟ್ಟರೆ ಅದು ಅರ್ಧ ಸತ್ತಿರುತ್ತದೆ. ಪ್ರಯೋಗಕ್ಕೆ ಎರಡೂ ಹೊಸ ಡ್ರಮ್ಮು ತೆಗೆಯಿರಿ.

ಒಂದು ಯೂನಿಟ್‌ನಲ್ಲಿ ಎಂಜೈಮ್ ಪ್ರಮಾಣ ದಿನಕ್ಕೊಂದು ಥರ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಹಿಂದಿನ ಲಾಟ್‌ಗೆ ಹಾಕಿದ ಬ್ಲೀಚ್ ಮೆಷಿನ್‌ನಲ್ಲೇ ಉಳಿದು ಎಂಜೈಮ್ ಅನ್ನು ಸಾಯಿಸುತ್ತಿತ್ತು. ಕೆಲಸದವರು ‘ಪವರ್ ಇಲ್ಲ’ ಎಂದು ಇನ್ನಷ್ಟು ಸುರಿಯುತ್ತಿದ್ದರು. ಉಳಿದ ಕ್ಲೋರಿನ್‌ಗೆ ಸ್ಟಾರ್ಚ್-ಅಯೋಡೈಡ್ ಪಟ್ಟಿ ಅದ್ದಿ, ನೀಲಿ ಬರದಿದ್ದರೆ ಮಾತ್ರ ಎಂಜೈಮ್ ಹಾಕಿ.

ಕಲ್ಲನ್ನು ಒಣಗಿಸಿ, ಹಾಕುವ ಮೊದಲು ಮತ್ತು ತೆಗೆದ ಮೇಲೆ ತೂಗಿ. ಕಡಿಮೆಯಾದ ತೂಕವೇ ನಿಮ್ಮ ಕೆಸರು. ಬಾಟಲಿ ನೀರಿನಿಂದ ಇದನ್ನು ಹಿಡಿಯಲು ಆಗುವುದಿಲ್ಲ, ಏಕೆಂದರೆ ಕಲ್ಲಿನ ಪುಡಿ ಬಾಟಲಿಗೆ ಬರುವ ಮೊದಲೇ ಚರಂಡಿಯ ತಳಕ್ಕೆ ಕೂತಿರುತ್ತದೆ. ಕಲ್ಲಿನ ಕಾಲಂ ಹಾಳೆಯ ಮೇಲೆ ಸ್ವಚ್ಛವಾಗಿ ಕಾಣುವುದಕ್ಕೆ ಇದೇ ಕಾರಣ.

ಎಂಜೈಮ್ ತಯಾರಾಗುವಾಗಿನ ಇಂಗಾಲದ ಅಂಕಿಯನ್ನು ಮಾರುವವರಿಂದ ಲಿಖಿತವಾಗಿ ಕೇಳಿ. ಕೊಡದಿದ್ದರೆ ನಾನು ಕೆಜಿಗೆ 10 ಕೆಜಿ ಎಂದು ಬೇಕಂತಲೇ ಜಾಸ್ತಿ ಹಿಡಿದು ನೋಡುತ್ತೇನೆ. ಒಂದು ಬಾತ್‌ಗೆ 500 ಗ್ರಾಂ ಎಂಜೈಮ್ ಅಂದರೆ 5 ಕೆಜಿ. ಅಷ್ಟು ಹಿಡಿದ ಮೇಲೂ ಎಂಜೈಮ್ ಮುಂದಿದ್ದರೆ ಆ ಅಂಕಿಯ ಬಗ್ಗೆ ಜಗಳ ಬೇಡ.

ಹಂತ 7: ಈಗ ಬಾಟಲಿ

ಕೊನೆಯ ಚರಂಡಿಯಿಂದ ನೀರು ಹಿಡಿಯಬೇಡಿ. ಅಲ್ಲಿ ನಾಲ್ಕು ಮೆಷಿನ್‌ಗಳ ನೀರು ಬೆರೆತಿರುತ್ತದೆ. ಪ್ರತಿ ಬಾತ್ ಬಿಡುವಾಗ ಮೆಷಿನ್ ಬಾಯಲ್ಲೇ ಹಿಡಿಯಿರಿ.

ಸುಲಭದ ನಿಯಮ: ಬಾತ್‌ನ ಪ್ರತಿ ಲೀಟರಿಗೆ 1 ಮಿ.ಲೀ. ಅಂದರೆ 500 ಲೀಟರ್ ಬಾತ್‌ನಿಂದ 500 ಮಿ.ಲೀ., 400 ಲೀಟರ್ ಜಾಲಾಟದಿಂದ 400 ಮಿ.ಲೀ. ಎಲ್ಲವನ್ನೂ ಒಂದು ಶುಭ್ರ ಬಕೆಟ್ಟಿಗೆ ಸುರಿದು ಕಲಕಿದರೆ ಇಡೀ ದಾರಿಯ ನಿಜವಾದ ಸರಾಸರಿ ಸಿಗುತ್ತದೆ. ಬರೀ ಮೊದಲ ಬಾತ್ ಹಿಡಿದವರಿಗೆ ಭಯ ಹುಟ್ಟಿಸುವ ಅಂಕಿ ಬರುತ್ತದೆ, ಬರೀ ಕೊನೆಯದನ್ನು ಹಿಡಿದವರಿಗೆ ಕುಡಿಯುವ ನೀರಿನಂಥದು.

ಅಪಾಯ: ಬ್ಲೀಚ್ ಬಾತ್‌ನ ನೀರನ್ನು ಈ ಬಕೆಟ್ಟಿಗೆ ಸೇರಿಸಬೇಡಿ. ಬ್ಲೀಚ್‌ಗೆ ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದನ್ನು ಬೇರೆ ಬಾಟಲಿಯಲ್ಲಿ ಹಿಡಿದು, ಬೇರೆ ಪರೀಕ್ಷೆ ಮಾಡಿಸಿ, ಲೆಕ್ಕದಲ್ಲಿ ಮಾತ್ರ ಕೂಡಿಸಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಬಾಟಲಿಗಳನ್ನು ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬ್ ಮುಟ್ಟಿಸಿ. ಗಂಜಿ ನೀರನ್ನು ಬಿಸಿಲಲ್ಲಿ ಒಂದು ದಿನ ಬಿಟ್ಟರೆ ಏನಾಗುತ್ತದೆ ಅನ್ನುವುದು ಮನೆಯಲ್ಲಿ ಅನ್ನದ ಗಂಜಿ ಹುಳಿಯಾಗುವುದನ್ನು ನೋಡಿದವರಿಗೆ ಹೇಳಬೇಕಿಲ್ಲ.

ಹಂತ 8: ಲ್ಯಾಬ್ ವರದಿ ಮೋಸ ಮಾಡುವ ಮೂರು ಜಾಗ

ಕೇಳಬೇಕಾದ ಪರೀಕ್ಷೆಗಳು: ಪಿಎಚ್, ಸಿಒಡಿ, ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ತಿನ್ನುವಾಗ ಖರ್ಚಾಗುವ ಆಕ್ಸಿಜನ್), ತೇಲುಕಣ, ಕರಗಿದ ಉಪ್ಪು, ಕ್ಲೋರೈಡ್. ಬ್ಲೀಚ್ ಇದ್ದರೆ ಉಳಿಕೆ ಕ್ಲೋರಿನ್, ಪಿಪಿ ಇದ್ದರೆ ಮ್ಯಾಂಗನೀಸ್. ನಮ್ಮಲ್ಲಿ ಬಿಒಡಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ವಿದೇಶಿ ವರದಿಗಳಲ್ಲಿ 20 ಡಿಗ್ರಿ, 5 ದಿನ ಇರುತ್ತದೆ. ಆ ಅಂಕಿಯ ಪಕ್ಕದಲ್ಲಿ ಈ ಅಂಕಿ ಇಡುವಾಗ ಇದು ನೆನಪಿರಲಿ.

ಮೊದಲ ಮೋಸ: ಬ್ಲೀಚ್ ನೀರಿನ ಬಿಒಡಿ ತೀರಾ ಕಡಿಮೆ ಬರುತ್ತದೆ. ಬಿಒಡಿ ಪರೀಕ್ಷೆ ಮಾಡುವುದು ಸೂಕ್ಷ್ಮಜೀವಿಗಳು. ಉಳಿದ ಕ್ಲೋರಿನ್ ಅವುಗಳನ್ನು ಕೊಂದರೆ ಆಕ್ಸಿಜನ್ ಖರ್ಚಾಗುವುದೇ ಇಲ್ಲ. ‘ಕೆಮಿಕಲ್ ನೀರೇ ಶುದ್ಧ’ ಎಂಬ ಹಾಳೆಗಳೆಲ್ಲ ಇಲ್ಲಿ ಹುಟ್ಟಿದವು. ಕ್ಲೋರಿನ್ ತೆಗೆದು, ಬೀಜ (ಜೀವಂತ ಸೂಕ್ಷ್ಮಜೀವಿಗಳು) ಸೇರಿಸಿ ಬಿಒಡಿ ಮಾಡಿ ಎಂದು ಲ್ಯಾಬ್‌ಗೆ ಬರೆದುಕೊಡಿ.

ಎರಡನೆಯದು: ಕ್ಲೋರೈಡ್ ಜಾಸ್ತಿ ಇದ್ದರೆ ಸಿಒಡಿ ಇರುವುದಕ್ಕಿಂತ ಮೇಲೆ ತೋರಿಸುತ್ತದೆ. ಅದನ್ನು ತಡೆಯಲು ಲ್ಯಾಬಿನವರು ಮರ್ಕ್ಯುರಿಕ್ ಸಲ್ಫೇಟ್ ಹಾಕುತ್ತಾರೆ. ಉಪ್ಪು ಎಷ್ಟಿದೆ ಎಂದು ಮೊದಲೇ ಹೇಳಿದರೆ ಸರಿಯಾದ ಪ್ರಮಾಣ ಹಾಕುತ್ತಾರೆ.

ಮೂರನೆಯದು: ಉಳಿದ ಪೆರಾಕ್ಸೈಡ್ ಕೂಡ ಸಿಒಡಿ ಆಗಿ ಕಾಣಿಸಿಕೊಳ್ಳುತ್ತದೆ. ಕ್ಯಾಟಲೇಸ್ ಹಾಕಿದ ದಾರಿಯನ್ನು ಹಾಕದ ದಾರಿಯ ಜೊತೆ ಹೋಲಿಸುವಾಗ ಇದು ಎಂಜೈಮ್‌ಗೆ ಸುಳ್ಳು ಗೆಲುವು ಕೊಡುತ್ತದೆ.

ಬಿಒಡಿ ಅಂಕಿ ಸಿಒಡಿಗಿಂತ ದೊಡ್ಡದಿದ್ದರೆ ಆ ವರದಿಯನ್ನು ವಾಪಸ್ ಕಳಿಸಿ. ಅದು ಆಗುವ ಮಾತಲ್ಲ.

ಹಂತ 9: ಮಿಲಿಗ್ರಾಂ ಬಿಡಿ, ಕಿಲೋ ಹಿಡಿಯಿರಿ

ಲೀಟರಿಗೆ ಎಷ್ಟು ಮಿಲಿಗ್ರಾಂ ಎನ್ನುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿಗೆ ಸರಿ. ಹೊಳೆ, ಹಳ್ಳಗಳಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಬಿಒಡಿ 30, ಸಿಒಡಿ 250, ತೇಲುಕಣ 100 ಮಿ.ಗ್ರಾಂ. ಹೋಲಿಕೆಗೆ ಮಾತ್ರ ಅದು ಬರುವುದಿಲ್ಲ. ಅಂಕಿಯನ್ನು ಒಟ್ಟು ಲೀಟರ್‌ನಿಂದ ಗುಣಿಸಿ ಕಿಲೋ ಮಾಡಬೇಕು.

ಲೆಕ್ಕ ತೋರಿಸಲು ಒಂದಷ್ಟು ಅಂಕಿ ಇಟ್ಟುಕೊಳ್ಳೋಣ. ಕೆಮಿಕಲ್ ದಾರಿ 100 ಪ್ಯಾಂಟಿಗೆ 3,600 ಲೀಟರ್, ಸಿಒಡಿ 900 ಮಿ.ಗ್ರಾಂ. ಎಂಜೈಮ್ ದಾರಿ 2,400 ಲೀಟರ್, ಸಿಒಡಿ 1,200. ಮಿಲಿಗ್ರಾಂ ನೋಡಿದವರು ಎಂಜೈಮ್ ಸೋತಿತು ಎನ್ನುತ್ತಾರೆ. ಕಿಲೋ ಮಾಡಿ: 3.24 ಮತ್ತು 2.88. ಎಂಜೈಮ್ ಗೆದ್ದಿತು. ಈಗ ಪಾಸಾದದ್ದು ಎಷ್ಟು ಎಂದು ಕೇಳಿ. ಕೆಮಿಕಲ್‌ನಲ್ಲಿ 98, ಎಂಜೈಮ್‌ನಲ್ಲಿ 85. ಪಾಸಾದ ನೂರಕ್ಕೆ ಲೆಕ್ಕ ಹಾಕಿದರೆ 3.31 ಮತ್ತು 3.39. ಮತ್ತೆ ಸೋತಿತು! ಎರಡನೇ ಹಂತದಲ್ಲಿ ‘ಪಾಸಾದ’ ಎಂಬ ಪದಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಪಿಪಿ ಲೆಕ್ಕವೂ ಕಿಲೋದಲ್ಲೇ ಕಣ್ಣು ತೆರೆಸುತ್ತದೆ. ಒಂದು ಕೆಜಿ ಪಿಪಿಯಲ್ಲಿ ಸುಮಾರು 350 ಗ್ರಾಂ ಮ್ಯಾಂಗನೀಸ್ ಇದೆ. ಮಿತಿ ಲೀಟರಿಗೆ 2 ಮಿ.ಗ್ರಾಂ. ಬರೀ ನೀರು ಬೆರೆಸಿ ಆ ಮಿತಿಗೆ ಇಳಿಸಬೇಕೆಂದರೆ 1,75,000 ಲೀಟರ್ ಬೇಕು. ನೀರು ಸೇರಿಸಿದರೂ ಮ್ಯಾಂಗನೀಸ್ ಅಷ್ಟೇ ಇರುತ್ತದೆ.

ಇನ್ನು ಬಿಒಡಿಯ ಅರ್ಥ. ಅಮೈಲೇಸ್ ಗಂಜಿಯನ್ನು ಮಾಯ ಮಾಡುವುದಿಲ್ಲ, ಒಡೆದು ಸಕ್ಕರೆಯಂಥ ಸಣ್ಣ ತುಣುಕು ಮಾಡುತ್ತದೆ. ಅದೆಲ್ಲ ನೀರಿಗೇ ಬರುತ್ತದೆ. ಹಾಗಾಗಿ ಎಂಜೈಮ್ ಕಾಲಂನಲ್ಲಿ ಬಿಒಡಿ ಜಾಸ್ತಿ ಕಂಡರೆ ಗಾಬರಿ ಬೇಡ. ಪೈಪಿನ ಆ ತುದಿಯಲ್ಲಿ ಏನಿದೆ ಎಂದು ನೋಡಿ. ಜೈವಿಕ ಇಟಿಪಿ, ಅಂದರೆ ಕೊಳೆನೀರು ಶುದ್ಧಿ ಘಟಕ, ಸರಿಯಾಗಿ ಓಡುತ್ತಿದ್ದರೆ ಸೂಕ್ಷ್ಮಜೀವಿಗಳಿಗೆ ಅದು ಊಟ. ಇಟಿಪಿ ಇಲ್ಲದೆ ನೇರ ಹಳ್ಳಕ್ಕೆ ಹೋಗುತ್ತಿದ್ದರೆ ಅದೇ ಬಿಒಡಿ ನೀರಿನ ಉಸಿರು ಕಟ್ಟಿಸುತ್ತದೆ. ಒಂದೇ ಎಂಜೈಮ್, ಎರಡು ಯೂನಿಟ್, ಎರಡು ಉತ್ತರ. ಬಿಒಡಿಯನ್ನು ಸಿಒಡಿಯಿಂದ ಭಾಗಿಸಿ. 0.5ರ ಮೇಲಿದ್ದರೆ ಸುಲಭವಾಗಿ ಕೊಳೆಯುವ ಕೊಳೆ, 0.3ರ ಕೆಳಗಿದ್ದರೆ ಹಠಮಾರಿ ಕೊಳೆ. ಬ್ಲೀಚ್ ನೀರಿನಲ್ಲಿ ಕ್ಲೋರಿನ್ ಸೇರಿದ ಸಾವಯವ ವಸ್ತುಗಳೂ ಹುಟ್ಟುತ್ತವೆ. ಅವು ಸುಲಭಕ್ಕೆ ಕರಗಿ ಹೋಗುವಂಥವಲ್ಲ, ಬಿಒಡಿಯಲ್ಲಿ ಕಾಣುವುದೂ ಇಲ್ಲ. ಎಒಎಕ್ಸ್ ಎಂಬ ಪರೀಕ್ಷೆ ಬೇಕು. ಹತ್ತಿರದಲ್ಲಿ ಸಿಗದಿದ್ದರೆ ‘ಅಳೆದಿಲ್ಲ’ ಎಂದು ಬರೆಯಿರಿ, ಸೊನ್ನೆ ಹಾಕಬೇಡಿ.

ಹಂತ 10: ಕಿಲೋಗೆ ಸಿಗದ್ದು

ಪುಡಿ ಎಂಜೈಮ್ ಧೂಳನ್ನು ಉಸಿರಾಡಿದರೆ ಅಲರ್ಜಿ, ಉಬ್ಬಸ ಬರಬಹುದು. ‘ನೈಸರ್ಗಿಕ’ ಎಂದು ಮಾಸ್ಕ್ ಇಲ್ಲದೆ ಚೀಲ ಕೊಡವುವುದನ್ನು ನಿಲ್ಲಿಸಿ. ದ್ರವ ರೂಪದ್ದು ಮೇಲು. ಇನ್ನೊಂದು ಕಡೆ ಬ್ಲೀಚ್ ವಾಸನೆ, ಪಿಪಿ ಸ್ಪ್ರೇ ಮಂಜು, ಕಲ್ಲಿನ ಧೂಳು. ಇವನ್ನು ಕೂಡಿಸಿ ಕಳೆಯಲು ಹೋಗಬೇಡಿ. ಯಾರು, ದಿನಕ್ಕೆ ಎಷ್ಟು ಗಂಟೆ, ಯಾವುದರ ಎದುರು ನಿಲ್ಲುತ್ತಾರೆ ಎಂದು ಎರಡು ಸಾಲು ಬರೆದರೆ ಸಾಕು.

ಹಂತ 11: ಅಕ್ಕಪಕ್ಕ ಇಟ್ಟು ಅಲುಗಾಡಿಸಿ

ಈಗ ಎರಡು ಕಾಲಂ ಹಾಕಿ: ನೀರು, ಸೌದೆ ಅಥವಾ ಕಲ್ಲಿದ್ದಲು, ಕರೆಂಟು, ಇಂಗಾಲ, ಸಿಒಡಿ, ಉಪ್ಪು, ಲೋಹ, ಕೆಸರು. ಎಲ್ಲಾ ಪಾಸಾದ 100 ಪ್ಯಾಂಟಿಗೆ. ಇವನ್ನೆಲ್ಲ ಸೇರಿಸಿ ಒಂದೇ ‘ಅಂಕ’ ಮಾಡುವ ಆಸೆ ಬರುತ್ತದೆ. ಬೇಡ. ಸೌದೆಯ ಹೊಗೆಯನ್ನೂ ಮ್ಯಾಂಗನೀಸನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಾರಿಗೆ ಯಾವುದು ಬೇಕೋ ಅದು ಗೆಲ್ಲುತ್ತದೆ. ಇನ್ನೂ ಆಳಕ್ಕೆ ಹೋಗುವವರಿಗೆ ಓಪನ್‌ಎಲ್‌ಸಿಎ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಆದರೆ ನೋಟ್‌ಬುಕ್ ಸರಿ ಇಲ್ಲದಿದ್ದರೆ ಅದೂ ಏನೂ ಮಾಡಲಾರದು.

ಆಮೇಲೆ ಅನುಮಾನದ ಅಂಕಿಗಳನ್ನು ಒಂದೊಂದಾಗಿ ಅಲುಗಾಡಿಸಿ. ಬಾಯ್ಲರ್ ದಕ್ಷತೆ 60ರ ಬದಲು 45 ಆದರೆ? ಎಂಜೈಮ್ ಕೊಲ್ಲಲು ಬಿಸಿಯ ಬದಲು ಸೋಡಾ ಹಾಕಿದರೆ? ರಿಜೆಕ್ಟ್ 15ರಿಂದ 5ಕ್ಕೆ ಇಳಿದರೆ? ಮೇಲಿನ ಉದಾಹರಣೆಯಲ್ಲೇ ರಿಜೆಕ್ಟ್ 5 ಆದರೆ ಎಂಜೈಮ್ 3.03ಕ್ಕೆ ಬಂದು ಗೆಲ್ಲುತ್ತದೆ. ಯಾವ ಅಂಕಿ ಅಲುಗಿದಾಗ ಗೆದ್ದವರು ಬದಲಾಗುತ್ತಾರೋ ಆ ಅಂಕಿಯನ್ನು ಮತ್ತೊಮ್ಮೆ ಅಳೆಯಿರಿ. ನಾನು ನೋಡಿದ ಮಟ್ಟಿಗೆ ಅದು ಎಂಜೈಮ್‌ನ ಜಾತಿಯಲ್ಲ, ಜಾಲಾಟ ಎಷ್ಟು ಸಲ ಎನ್ನುವುದು. ಎಂಜೈಮ್ ತಂದ ಮೇಲೂ ಹಳೇ ಅಭ್ಯಾಸಕ್ಕೆ ಮೂರು ಸಲ ಜಾಲಾಡುತ್ತಿರುವ ಯೂನಿಟ್‌ನಲ್ಲಿ ಉಳಿತಾಯ ಹುಡುಕಿದರೂ ಸಿಗಲಿಲ್ಲ. ಮಾಸ್ಟರ್ ಜೊತೆ ಕೂತು ಒಂದು ಜಾಲಾಟ ಕಡಿಮೆ ಮಾಡಿ, ಶೇಡ್ ನೋಡಿ, ನಾಲ್ಕನೇ ಹಂತದಿಂದ ಮತ್ತೆ ಒಂದು ಲಾಟ್ ಅಳೆಯಿರಿ.